ಪೂರ್ತಿ ಒಂದು ನಿಮಿಷ

ಹೊಟ್ಟೆ ತೊಳಸುವುದು, ಊಟ ಸೇರದಿರುವುದು ಎಂದು ಎರಡು ಸಾಲು ಬರೆದು ಮೂರನೆಯ ಸಾಲಿನಲ್ಲಿ 'ಕಣ್ಣಿಗೆ ಎಲ್ಲವೂ ಹಳದಿಯಾಗಿ' ಎಂಬಲ್ಲಿಗೆ ಬಂದ ಮೇಷ್ಟ್ರ ಕೈ ಕಪ್ಪುಹಲಗೆಯ ಮೇಲೆ ಹಾಗೇ ನಿಂತುಬಿಟ್ಟಿತು. ಬೆಂಚುಗಳ ಮೇಲಿದ್ದ ನರ್ಸಿಂಗ್ ಹುಡುಗಿಯರು ಏನೂ ಅಂದುಕೊಳ್ಳಲಿಲ್ಲ. ಹಿಂದೆ ಯಾರಾದರೂ ಪಿಸುಗುಟ್ಟಿದರೆ ಮೇಷ್ಟ್ರು ಹೀಗೆ ತಿರುಗದೆ ಬೆನ್ನಿನಲ್ಲೇ ಗದರಿಸುವುದು ಅವರಿಗೆ ಅಭ್ಯಾಸವಾಗಿತ್ತು. ಆದರೆ ಈಗ ಪಿಸುಗುಟ್ಟಿದವರು ಯಾರೂ ಇರಲಿಲ್ಲ. ಹೃದಯದ ಮಾತ್ರೆ ಮೈಯಲ್ಲಿ ಮಿತಿ ಮೀರಿ ಶೇಖರವಾದರೆ ಕಾಣುವ ಲಕ್ಷಣಗಳು ಇವು. ಎಷ್ಟೋ ವರ್ಷಗಳಿಂದ ಬರೆದೂ ಬರೆದೂ ಇದನ್ನು ಬರೆಯುವ ಕೆಲಸವನ್ನು ಮೇಷ್ಟ್ರು ಕೈಗೇ ಬಿಟ್ಟುಬಿಟ್ಟಿದ್ದರು, ತಲೆ ಬೇರೆ ಏನಾದರೂ ಯೋಚಿಸಿಕೊಂಡು ಆರಾಮಾಗಿ ಇರುತ್ತಿತ್ತು. ಇವತ್ತು ಆ ತಲೆ, ಕೈ ಬರೆದದ್ದನ್ನು ಓದಿತು. "ಗೋಡೆಗೆ ಯಾಕ್ರೀ ಹಳದಿ ಹೊಡೆಸಿದ್ರಿ?" ಎಂದು ಈಚೆಗೊಂದು ದಿನ ಹೆಂಡತಿ ಕೇಳಿದ್ದಳು. ಹೊಸದಾಗಿ ಬಳಿಸಿದ್ದ ಗೋಡೆ ಹಾಲಿನ ಹಾಗೆ ಬಿಳಿಯಾಗಿತ್ತು. ಬಣ್ಣ ಆರಿಸುವಾಗ ತನ್ನನ್ನು ಒಂದು ಮಾತು ಕೇಳಲಿಲ್ಲ ಎಂಬ ಸಿಟ್ಟನ್ನು ಈ ರೀತಿ ತೀರಿಸಿಕೊಳ್ಳುತ್ತಿದ್ದಾಳೆ ಎಂದು ಮೇಷ್ಟ್ರಿಗೆ ಅನ್ನಿಸಿ ಮೈ ಉರಿದಿತ್ತು. "ಬಿಳಿ ಯಾವುದು ಹಳದಿ ಯಾವುದು ಗೊತ್ತಾಗದವಳ ಹತ್ರ ನಾನೇನು ಮಾತಾಡ್ಲಿ" ಎಂದು ಪೇಪರು ಎತ್ತಿಕೊಂಡಿದ್ದರು. ಆಮೇಲೊಂದು ಸಂಜೆ, ದೀಪದ ಸುತ್ತ ಬಳೆ ಕಾಣುತ್ತೆ ಅಂದಳು. ಕನ್ನಡಕ ಬದಲಾಯಿಸು ಅಂದರು. ನಾನು ಮಾಡಿದ ಅಡುಗೆ ನನಗೇ ಸೇರ್ತಿಲ್ಲ ಅಂದಳು. ಅದಕ್ಕೆ ಮೇಷ್ಟ್ರು ಒಳಗೊಳಗೇ, ನನಗೆ ಎಂದೋ ಸೇರುವುದು ನಿಂತಿದೆ ಎಂದುಕೊಂಡು ತಮ್ಮ ಜಾಣತನಕ್ಕೆ ತಾವೇ ಸ್ವಲ್ಪ ನಕ್ಕಿದ್ದರು.

ಅರ್ಧಕ್ಕೆ ನಿಂತ ಸಾಲನ್ನು ನೋಡುತ್ತಿದ್ದರೆ ಒರಸಿಬಿಡಬೇಕು ಅನ್ನಿಸಿತು. ಒರಸಿದರೆ ಹುಡುಗಿಯರು ಯಾಕೆ ಅನ್ನುತ್ತಾರೆ. 'ಕಾಣುವುದು' ಎಂದು ಸೇರಿಸಿದರು. ನಾಲ್ಕನೆಯ ಸಾಲಿಗೆ 'ನಾಡಿ ನಿಧಾನವಾಗುವುದು' ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ಮಾತ್ರೆ ಕೊಡೋ ಮುಂಚೆ ಹದಿನೈದು ಸೆಕೆಂಡು ನಾಡಿ ನೋಡಿ ನಾಲ್ಕರಿಂದ ಗುಣಿಸಿದ್ರೆ ಆಗಲ್ವಾ?" ಎಂದು ಕೇಳಿದಳು. ಪ್ರತಿ ವರ್ಷವೂ ಯಾರಾದರೊಬ್ಬಳು ಈ ಪ್ರಶ್ನೆ ಕೇಳಿಯೇ ಕೇಳುತ್ತಾಳೆ. ಅದಕ್ಕೆ ಮೇಷ್ಟ್ರ ಹತ್ತಿರ ಒಂದು ತಮಾಷೆ ತಯಾರಾಗಿಯೇ ಇರುತ್ತದೆ. ಇವತ್ತು ಬೇಡ ಅಂದುಕೊಳ್ಳುವಷ್ಟರಲ್ಲಿ ಬಾಯಿ ತನ್ನ ಪಾಡಿಗೆ ತಾನು ಅಂದುಬಿಟ್ಟಿತು: "ಹದಿನೈದು ಸೆಕೆಂಡು ಸಂಸಾರ ಮಾಡಿ ನಾಲ್ಕರಿಂದ ಗುಣಿಸ್ತೀಯೇನಮ್ಮಾ? ಪೂರ್ತಿ ಒಂದು ನಿಮಿಷ. ಕೈ ಹಿಡ್ಕೊಂಡು, ಗಡಿಯಾರ ನೋಡ್ಕೊಂಡು, ಪೂರ್ತಿ ಒಂದು ನಿಮಿಷ. ಅರವತ್ತಕ್ಕಿಂತ ಕಡಿಮೆ ಇದ್ರೆ ಮಾತ್ರೆ ವಾಪಸ್ಸು ಡಬ್ಬಿಗೆ, ನೀನು ಡಾಕ್ಟರ ಹತ್ರಕ್ಕೆ." ತರಗತಿ ಗೊಳ್ಳೆಂದು ನಕ್ಕಿತು. ನಗು ನಿಲ್ಲುವವರೆಗೆ ಮೇಷ್ಟ್ರು ಬೆರಳಿಗಂಟಿದ ಸೀಮೆಸುಣ್ಣ ಒರಸಿಕೊಳ್ಳುತ್ತ ನಿಂತಿದ್ದರು. ಗಂಟೆ ಹೊಡೆಯಲು ಇನ್ನೂ ಅರ್ಧ ಪೀರಿಯಡ್ಡು ಇತ್ತು. ಮೈ ಸರಿಯಿಲ್ಲ ಅಂದು ಈಗಲೇ ಹೊರಡಬಹುದಿತ್ತು, ಮನೆ ದೂರವೇನಲ್ಲ. ಆದರೆ ಇಷ್ಟು ವರ್ಷಗಳಲ್ಲಿ ಒಂದು ದಿನವೂ ಪೀರಿಯಡ್ಡು ಅರ್ಧಕ್ಕೆ ಬಿಟ್ಟವರಲ್ಲ ಎಂಬ ಹೆಸರೊಂದು ಇತ್ತಲ್ಲ. ಮೂಲೆಯ ಮಂಚದಲ್ಲಿ ಮಲಗಿಸಿದ್ದ ರಬ್ಬರಿನ ಗೊಂಬೆಯ ಹತ್ತಿರ ಹುಡುಗಿಯರನ್ನು ಕರೆದು, ಅದರ ಮಣಿಕಟ್ಟನ್ನು ಮೂರು ಬೆರಳಲ್ಲಿ ಮೃದುವಾಗಿ ಹಿಡಿದು, "ಒತ್ತಬಾರದು, ಹಗುರ ಹಿಡೀಬಾರದು. ನಿಮ್ಮ ಹೆಬ್ಬೆರಳು ಹಾಕಿದ್ರೆ ನಿಮ್ಮ ನಾಡೀನೇ ನಿಮಗೆ ಕೇಳಿಸುತ್ತೆ, ಮೋಸ ಹೋಗ್ತೀರಿ" ಎಂದು ತೋರಿಸಿದರು. ಆ ಗೊಂಬೆಗೆ ಹುಡುಗಿಯರು ಅಜ್ಜಿ ಎಂದು ಹೆಸರಿಟ್ಟಿದ್ದರು. ಎಷ್ಟೋ ಕೈ ಹಿಡಿದು ಹಿಡಿದು ಅಜ್ಜಿಯ ಮಣಿಕಟ್ಟಿನ ಬಣ್ಣ ಹೋಗಿತ್ತು.

ಹೆಂಡತಿಗೆ ಮಾತ್ರೆ ಶುರುವಾದ ಮೊದಲ ಬೆಳಿಗ್ಗೆ ಮೇಷ್ಟ್ರು ಕೈ ಹಿಡಿದಿರಲಿಲ್ಲವೇ? ಹಿಡಿದಿದ್ದರು. ಡಾಕ್ಟರು ಬರೆದುಕೊಟ್ಟ ಡಿಜಾಕ್ಸಿನ್ ಮಾತ್ರೆಯ ಡಬ್ಬಿಯನ್ನು ಅಂಗಡಿಯಿಂದ ತಂದವರೇ ಅದನ್ನು ಹೆಂಡತಿಯ ಕೈಗೆ ಕೊಡದೆ ತಮ್ಮ ಮೇಜಿನ ಖಾನೆಯಲ್ಲಿಟ್ಟುಕೊಂಡಿದ್ದರು. "ಇದು ತಲೆನೋವಿನ ಮಾತ್ರೆ ಅಲ್ಲ ಕಣೇ. ವಾಸಿ ಮಾಡೋ ಅಳತೆಗೂ ಕೊಲ್ಲೋ ಅಳತೆಗೂ ಕೂದಲೆಳೆ ಅಂತರ. ನಾನೇ ಕೊಡ್ತೀನಿ" ಅಂದಿದ್ದರು. ನಿಮ್ಮ ಇಷ್ಟ ಅಂದಿದ್ದಳು. ಮಾರನೆಯ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಎಡಗೈ ಚಾಚು ಅಂದಾಗ ಅವಳು ಸೆರಗಿಗೆ ಒದ್ದೆ ಕೈ ಒರಸಿಕೊಂಡು ಚಾಚಿದಳು. ಮೇಷ್ಟ್ರು ಗಡಿಯಾರದ ಮೇಲೆ ಕಣ್ಣಿಟ್ಟು ಎಣಿಸತೊಡಗಿದರು. ಅವರ ಬೆರಳಿಗೆ ಆ ಕೈಯ ಗುರುತೇ ಹತ್ತಲಿಲ್ಲ. ಸಣ್ಣ ಮೂಳೆ, ತೆಳುವಾದ ಚರ್ಮ, ಎಲ್ಲೋ ಬಸ್ಸಿನಲ್ಲಿ ತಪ್ಪಿ ತಗುಲಿದ ಪರರ ಕೈಯ ಹಾಗೆ. ಕೊನೆಯ ಸಲ ಯಾವಾಗ ಹಿಡಿದಿದ್ದೆ ಎಂದು ಯೋಚಿಸಿ ಎಣಿಕೆ ತಪ್ಪಿತು. ಮತ್ತೆ ಮೊದಲಿನಿಂದ ಶುರು ಮಾಡಿದರು. ಅಷ್ಟರಲ್ಲಿ ಅವಳು ಸಣ್ಣಗೆ ನಕ್ಕು, "ಓಹೋ, ಮಾತ್ರೆ ನೆಪದಲ್ಲಾದ್ರೂ ಕೈ ಹಿಡಿದ್ರಲ್ಲ ಪುಣ್ಯಾತ್ಮರು" ಅಂದಳು. ತಮಾಷೆಗೇ ಅಂದದ್ದು. ಅಥವಾ ತಮಾಷೆಯಲ್ಲ, ಕೇಳಿಕೊಂಡದ್ದು. ಇವತ್ತಿನವರೆಗೂ ಮೇಷ್ಟ್ರಿಗೆ ಅದು ಯಾವುದೆಂದು ಗೊತ್ತಿಲ್ಲ. ಆಗ ಗೊತ್ತಾದದ್ದು ಮುಖಕ್ಕೆ ರಕ್ತ ನುಗ್ಗಿದ್ದು ಮಾತ್ರ. ಕಳ್ಳತನ ಮಾಡುವಾಗ ಸಿಕ್ಕಿಬಿದ್ದ ಹಾಗಾಗಿ ಕೈ ಬಿಟ್ಟರು. ಮಾತ್ರೆಯನ್ನು ಅಲ್ಲೇ ಇಟ್ಟು ಸ್ನಾನಕ್ಕೆ ಹೋದರು. ಮಾರನೆಯ ದಿನದಿಂದ ಅವಳ ಟೀ ಲೋಟದ ಪಕ್ಕ ಔಷಧಿ ಬಾಟಲಿಯ ಒಂದು ಮುಚ್ಚಳ, ಮುಚ್ಚಳದಲ್ಲಿ ಒಂದು ಮಾತ್ರೆ. ಸರಿಯಾದ ರೋಗಿ, ಸರಿಯಾದ ಮದ್ದು, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಹೊತ್ತು ಎಂದು ತರಗತಿಯಲ್ಲಿ ಬಾಯಿಪಾಠ ಮಾಡಿಸುತ್ತಿದ್ದ ಐದು ಸರಿಗಳಲ್ಲಿ ಐದೂ ಸರಿಯಾಗಿದ್ದವು. ಹುಡುಗಿಯರು ಬೆನ್ನ ಹಿಂದೆ ಅವರನ್ನು ಐದು ಸರಿ ಮೇಷ್ಟ್ರು ಅನ್ನುತ್ತಿದ್ದದ್ದು ಅವರಿಗೆ ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

ಹಾಗೆಂದು ಈ ಕೈ ಮೊದಲಿನಿಂದಲೂ ಪರರ ಕೈಯೇನಲ್ಲ. ಮದುವೆಯಾದ ಹೊಸದರಲ್ಲಿ ಪರೀಕ್ಷೆಗೆ ಓದುತ್ತಿದ್ದ ಮೇಷ್ಟ್ರು ನಾಡಿ ಎಣಿಸುವುದನ್ನು ಕಲಿತದ್ದೇ ಅವಳ ಮಣಿಕಟ್ಟಿನ ಮೇಲೆ. ಎಣಿಸುತ್ತ ಎಣಿಸುತ್ತ ಹಾಗೇ ತೂಕಡಿಸಿದರೆ, "ಏನು, ನಿಂತೋಯ್ತಾ?" ಎಂದು ಕಿವಿಯ ಹತ್ತಿರ ಕೇಳಿ ನಗುತ್ತಿದ್ದಳು. ಅದು ಯಾವಾಗ ನಿಂತಿತೋ. ಜಗಳವಾಗಿ ನಿಂತದ್ದಲ್ಲ, ಜಗಳವಾಗಿದ್ದರೆ ದಿನ, ವಾರ ನೆನಪಿರುತ್ತಿತ್ತು. ಮೊದಲು ಪರೀಕ್ಷೆಯ ಪೇಪರು ತಿದ್ದಲು ದೀಪ ಬೇಕೆಂದು ಮೇಷ್ಟ್ರು ಈಚೆ ಕೋಣೆಗೆ ಬಂದರು. ಪೇಪರು ಮುಗಿದ ಮೇಲೆ ಹಾಸಿಗೆ ಅಲ್ಲೇ ಉಳಿಯಿತು. ಒಂದೇ ಮನೆಯಲ್ಲಿ ಇಬ್ಬರು ಎದುರುಬದುರಾದರೆ ಬಾಗಿಲಲ್ಲಿ ಒಬ್ಬರು ನಿಂತು ಇನ್ನೊಬ್ಬರಿಗೆ ದಾರಿ ಬಿಡುವುದು ರೂಢಿಯಾಯಿತು. ಇಂಥ ಮನೆಯಲ್ಲಿ ದಿನವೂ ಬೆಳಿಗ್ಗೆ ಹೋಗಿ ಪೂರ್ತಿ ಒಂದು ನಿಮಿಷ ಕೈ ಹಿಡಿದು ನಿಲ್ಲುವುದೆಂದರೇನು? ಆ ಒಂದು ನಿಮಿಷ ಮುಖ ಎಲ್ಲಿ ಇಟ್ಟುಕೊಳ್ಳುವುದು? ಮೊನ್ನೆ ಬೆಳಿಗ್ಗೆ ಅವಳು, "ಯಾಕೋ ವಾಂತಿ ಬರೋ ಹಾಗಿದೆ, ಇವತ್ತೊಂದು ದಿನ ಮಾತ್ರೆ ಬೇಡ್ವಾ?" ಅಂದಾಗ, ಮೇಷ್ಟ್ರು ಬೂಟಿನ ದಾರ ಕಟ್ಟುತ್ತ ತಲೆ ಎತ್ತದೆ, "ಮದ್ದಲ್ಲಿ ದಯೆ ದಾಕ್ಷಿಣ್ಯ ಇಲ್ಲ, ನುಂಗು" ಅಂದಿದ್ದರು. ನುಂಗಿದಳು. ಇವತ್ತೂ ನುಂಗಿದಳು.

ಗಂಟೆ ಹೊಡೆಯಿತು. ಮೇಷ್ಟ್ರು ಹಲಗೆ ಒರಸದೆ ಹೊರಬಿದ್ದರು. ವರಾಂಡದಲ್ಲಿ ಫೋನು ತೆಗೆದು ನೋಡಿದರೆ ಎದುರುಮನೆಯಾಕೆ ನಾಲ್ಕೈದು ಸಲ ಕರೆ ಮಾಡಿದ್ದರು. ತರಗತಿಯಲ್ಲಿ ಫೋನಿನ ಬಾಯಿ ಮುಚ್ಚಿಸಿಡುವುದೂ ಅವರ ಶಿಸ್ತುಗಳಲ್ಲಿ ಒಂದು. ತಿರುಗಿ ಕರೆ ಮಾಡಿದರೆ, "ಎಲ್ಲಿದ್ದೀರಿ ಮೇಷ್ಟ್ರೇ! ಬಟ್ಟೆ ಒಣಹಾಕೋಕೆ ಬಂದ ನಿಮ್ಮನೆಯವರು ಮೆಟ್ಟಿಲ ಹತ್ರ ಕುಸಿದುಬಿಟ್ರು. ನಿಮ್ಮ ಆಸ್ಪತ್ರೆಗೇ ಕರ್ಕೊಂಡು ಬಂದಿದ್ದೀವಿ, ಬೇಗ ಬನ್ನಿ" ಎಂದು ಆಕೆ ಕೂಗಿದರು. ಶಾಲೆಗೂ ಆಸ್ಪತ್ರೆಗೂ ನಡುವೆ ಇರುವುದು ಮೇಲೆ ಮಾಡು ಹೊದಿಸಿದ ಒಂದು ಓಣಿ. ಅದರಲ್ಲಿ ಓಡಿದರೆ ನೋಡಿದವರು ಏನೆಂದುಕೊಳ್ಳುತ್ತಾರೆ ಎಂದು ಮೇಷ್ಟ್ರು ಬಿರುಸಾಗಿ ನಡೆದರು. ಎದುರಾದ ಇಬ್ಬರು ನರ್ಸುಗಳು ಗೋಡೆಗೆ ಸರಿದು "ಗುಡ್ ಮಾರ್ನಿಂಗ್ ಸರ್" ಅಂದರು, ಮೇಷ್ಟ್ರು ಗುಡ್ ಮಾರ್ನಿಂಗ್ ಅಂದರು.

ವಾರ್ಡಿನ ತುದಿಯ ಮಂಚದಲ್ಲಿ ಅವಳು ಮಲಗಿದ್ದಳು. ಎದೆಯ ಮೇಲೆ ತಂತಿಗಳು, ತಲೆಯ ಹತ್ತಿರ ಯಂತ್ರ. ಯಂತ್ರ ಒಂದು ಸಲ ಕುಯ್ ಅಂದು, ಇನ್ನು ಅನ್ನುವುದೇ ಇಲ್ಲವೇನೋ ಎಂಬಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಕುಯ್ ಅನ್ನುತ್ತಿತ್ತು. ಮೇಷ್ಟ್ರಿಗೆ ಅಂಕಿ ನೋಡುವ ಧೈರ್ಯ ಬರಲಿಲ್ಲ, ಕಿವಿಯಲ್ಲೇ ಲೆಕ್ಕ ಸಿಕ್ಕಿತು. ನಲವತ್ತರ ಒಳಗೆ. ಚಿಕ್ಕ ವಯಸ್ಸಿನ ಲೇಡಿ ಡಾಕ್ಟರೊಬ್ಬರು ಇ.ಸಿ.ಜಿ. ಪಟ್ಟಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಪಕ್ಕದಲ್ಲಿ ವಾರ್ಡಿನ ಸಿಸ್ಟರು. ಆಕೆ ಮೇಷ್ಟ್ರ ಹಳೆಯ ಶಿಷ್ಯೆ, ಈಗ ಕೂದಲು ನರೆತು ಇಡೀ ವಾರ್ಡನ್ನು ಹುಬ್ಬಿನಲ್ಲೇ ಆಳುವಾಕೆ. ಮೇಷ್ಟ್ರನ್ನು ಕಂಡವರೇ ಸ್ಟೂಲು ಎಳೆದುಕೊಟ್ಟರು. "ಇವರು ಡಿಜಾಕ್ಸಿನ್ ತಗೋತಿದ್ದಾರಲ್ಲ ಸರ್" ಅಂದರು ಡಾಕ್ಟರು. "ಅದೇ ಜಾಸ್ತಿ ಆಗಿದೆಯಾ ಅಂತ ನನಗೆ ಅನುಮಾನ. ಬೆಳಿಗ್ಗೆ ಮಾತ್ರೆ ಕೊಡೋವಾಗ ನಾಡಿ ಎಷ್ಟಿತ್ತು?" ಮೇಷ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ವಾರ್ಡಿನ ಸಿಸ್ಟರು ಮುಗುಳ್ನಕ್ಕು, "ಸರ್‌ನ ಆ ಪ್ರಶ್ನೆ ಕೇಳ್ತೀರಲ್ಲ ಡಾಕ್ಟ್ರೇ! ನಮಗೆಲ್ಲ ಕೈ ಮೇಲೆ ಹೊಡೆದು ಕಲಿಸಿದ್ದೇ ಇವರು. ನೋಡದೆ ಕೊಡ್ತಾರಾ?" ಅಂದರು. ಆ ನಗುವಿನ ಮುಂದೆ ಮೇಷ್ಟ್ರ ನಾಲಿಗೆ ಹೇಳಿತು: "ಎಪ್ಪತ್ತೆರಡು."

ಪುಸ್ತಕದ ಮೊದಲ ಪಾಠದಲ್ಲಿರುವ ಸಂಖ್ಯೆ ಅದು, ಆರೋಗ್ಯವಂತರ ನಾಡಿ. ಯಾರೂ ಸುಳ್ಳೆಂದು ಅನುಮಾನಿಸದ, ಎಲ್ಲರಿಗೂ ಒಪ್ಪುವ ಮರ್ಯಾದಸ್ಥ ಸಂಖ್ಯೆ. ಹೇಳಿದ ಮೇಲೆ ಮೇಷ್ಟ್ರು ಮಂಚದ ಕಡೆ ನೋಡಿದರು. ಹೆಂಡತಿಗೆ ಎಚ್ಚರವಿತ್ತು. ಬಿಳಿಚಿದ ಮುಖದಲ್ಲಿ ಕಣ್ಣು ಮಾತ್ರ ತೆರೆದು ಅವರನ್ನೇ ನೋಡುತ್ತಿದ್ದಳು. ಅವಳ ಕಣ್ಣಿಗೆ ತಾನೂ ಹಳದಿಯಾಗಿ ಕಾಣುತ್ತಿರಬಹುದು ಎಂದು ಮೇಷ್ಟ್ರಿಗೆ ಹೊಳೆಯಿತು. ಡಾಕ್ಟರು ಅವಳ ಮೇಲೆ ಬಾಗಿ, "ಅಮ್ಮಾ, ಬೆಳಿಗ್ಗೆ ಸರ್ ನಾಡಿ ನೋಡಿದಾಗ ಆರಾಮಾಗೇ ಇದ್ರಾ?" ಎಂದು ಕೇಳಿದರು. ಅವಳು ತುಟಿ ಒದ್ದೆ ಮಾಡಿಕೊಂಡಳು. ಇಲ್ಲ ಅನ್ನಲಿ, ಈ ಮನುಷ್ಯ ನನ್ನ ಕೈ ಮುಟ್ಟಿ ಯಾವ ಕಾಲವಾಯಿತು ಅನ್ನಲಿ, ಎಲ್ಲರೆದುರು ಮಾನ ಕಳೆಯಲಿ, ಬದುಕಿಕೊಳ್ಳಲಿ ಎಂದು ಮೇಷ್ಟ್ರು ಒಳಗೇ ಬೇಡಿಕೊಂಡರು. ಅನ್ನದಿರಲಿ ಎಂದೂ ಬೇಡಿಕೊಂಡರು. ಎರಡೂ ಒಂದೇ ಉಸಿರಿನಲ್ಲಿ. "ಅವರು ಹೇಳಿದ ಮೇಲೆ ಸರಿಯೇ ಇರುತ್ತೆ" ಅಂದಳು ಅವಳು, ಮತ್ತು ಕಣ್ಣು ಮುಚ್ಚಿಕೊಂಡಳು.

"ಹಾಗಾದ್ರೆ ಇದು ಈಗ ಇದ್ದಕ್ಕಿದ್ದ ಹಾಗೆ ಆಗಿರೋದು" ಅಂದರು ಡಾಕ್ಟರು. "ಎರಡು ಮೂರು ಗಂಟೇಲಿ ಎಪ್ಪತ್ತೆರಡರಿಂದ ಇಲ್ಲಿಗೆ ಇಳಿದಿದೆ ಅಂದ್ರೆ ಮಾತ್ರೆ ಅಲ್ಲ. ಹೃದಯಕ್ಕೆ ಹೊಸ ಏಟು ಬಿದ್ದಿರಬೇಕು. ಆ ದಿಕ್ಕಲ್ಲಿ ನೋಡೋಣ." ವಾರ್ಡಿನ ಸಿಸ್ಟರು ತಲೆಯಾಡಿಸಿ, "ಡಿಜಾಕ್ಸಿನ್ ಮುಂದುವರಿಸೋದಾ ಡಾಕ್ಟ್ರೇ?" ಎಂದು ಕೇಳಿದರು. "ಮುಂದಿನ ಮಾತ್ರೆ ನಾಳೆ ಬೆಳಿಗ್ಗೆ ತಾನೇ, ಅಷ್ಟರಲ್ಲಿ ದೊಡ್ಡ ಡಾಕ್ಟರು ಬಂದು ನೋಡಲಿ" ಅಂದು ಡಾಕ್ಟರು ಹೊರಟುಬಿಟ್ಟರು. ಎದೆಯ ಸ್ಕ್ಯಾನಿಗೆಂದು ಮಂಚವನ್ನು ತಳ್ಳಿಕೊಂಡು ಹೋದರು. ಮೇಷ್ಟ್ರು ವಾರ್ಡಿನ ಹೊರಗಿನ ಬೆಂಚಿನಲ್ಲಿ ಒಬ್ಬರೇ ಉಳಿದರು. ಎಪ್ಪತ್ತೆರಡು ಎಂಬ ಒಂದು ಮಾತು ಇಡೀ ಆಸ್ಪತ್ರೆಯನ್ನು ತಪ್ಪು ದಾರಿಯಲ್ಲಿ ಓಡಿಸುತ್ತಿತ್ತು. ಪಾಠದ ಮಾತಿನಲ್ಲಿ ಹೇಳುವುದಾದರೆ ಈಗ ಮಾಡಬೇಕಾದದ್ದು ಸ್ಪಷ್ಟ: ಮಾತ್ರೆ ನಿಲ್ಲಿಸಬೇಕು, ರಕ್ತದಲ್ಲಿ ಅದು ಎಷ್ಟಿದೆ ಎಂದು ನೋಡಬೇಕು, ವಿಳಂಬ ಮಾಡಿದಷ್ಟೂ ಅಪಾಯ. ಎದ್ದು ಹೋಗಿ, ಡಾಕ್ಟ್ರೇ, ನಾನು ಸುಳ್ಳು ಹೇಳಿದೆ, ನಾನು ತಿಂಗಳುಗಟ್ಟಲೆ ನಾಡಿ ನೋಡಿಲ್ಲ ಅಂದರೆ ಆಯಿತು. ಹತ್ತು ಮಾತೂ ಆಗುವುದಿಲ್ಲ. ಆಮೇಲೆ? ಯಾಕೆ ಸರ್ ನೋಡಲಿಲ್ಲ ಅನ್ನುತ್ತಾರೆ. ಮರೆತೆ ಅನ್ನಬಹುದು, ಐದು ಸರಿ ಮೇಷ್ಟ್ರು ಮರೆತರಂತೆ ಎಂದು ಸಂಜೆಯೊಳಗೆ ಹಾಸ್ಟೆಲ್ಲಿನವರೆಗೆ ಹೋಗುತ್ತದೆ. ನಿಜ ಹೇಳುವುದಾದರೆ, ಹೆಂಡತಿಯ ಕೈ ಹಿಡಿಯಲು ನಾಚಿಕೆಯಾಯಿತು ಅನ್ನಬೇಕು. ಅವಳು ಒಮ್ಮೆ ನಕ್ಕಳು, ಅದಕ್ಕೆ. ನಕ್ಕದ್ದಕ್ಕೆ ಕೊಲ್ಲುತ್ತಾರೆಯೇ ಯಾರಾದರೂ? ಮೇಷ್ಟ್ರ ಕಣ್ಣು ತುಂಬಿತು. ಅಳು ಬಂದದ್ದು ಅವಳಿಗಾಗಿಯೋ ತಮಗಾಗಿಯೋ ಎಂದು ಆಗಲೂ ಅವರು ವಿಚಾರ ಮಾಡಿದರು, ಮತ್ತು ಉತ್ತರ ತಿಳಿದು ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ಎದುರುಮನೆಯಾಕೆ ಎಲ್ಲಿಂದಲೋ ಟೀ ತಂದುಕೊಟ್ಟು, "ಧೈರ್ಯವಾಗಿರಿ ಮೇಷ್ಟ್ರೇ, ನಿಮ್ಮಂಥವರ ಕೈಲಿದ್ದಾರೆ, ಅವರಿಗೇನಾಗುತ್ತೆ" ಅಂದರು. ಮೇಷ್ಟ್ರು ಟೀ ಕುಡಿದರು.

ಸ್ಕ್ಯಾನಿನಿಂದ ಮಂಚ ವಾಪಸ್ಸು ಬಂದಾಗ ಯಂತ್ರ ಇನ್ನೂ ನಿಧಾನವಾಗಿ ಕುಯ್ಗುಡುತ್ತಿತ್ತು. ಅವಳು ಒಮ್ಮೆ ಪಕ್ಕಕ್ಕೆ ತಿರುಗಿ ವಾಂತಿ ಮಾಡಿಕೊಂಡಳು. ಮೇಷ್ಟ್ರು ಎದ್ದು ಡಾಕ್ಟರ ಕೋಣೆಗೆ ಹೋದರು. ಹೇಳಿಬಿಡಬೇಕೆಂದೇ ಹೋದದ್ದು. ಬಾಗಿಲು ತಳ್ಳುವವರೆಗೆ ಮಾತು ನಾಲಿಗೆಯ ಮೇಲಿತ್ತು. ಡಾಕ್ಟರು ಎದ್ದು ನಿಂತು, "ಬನ್ನಿ ಸರ್, ಕೂತ್ಕೊಳ್ಳಿ" ಅಂದರು. ವಾರ್ಡಿನ ಸಿಸ್ಟರೂ ಅಲ್ಲೇ ಇದ್ದರು. ಮೇಷ್ಟ್ರು ಕೂತರು. ಕೂತ ಮೇಲೆ ಬಂದ ದನಿ ಎಂದಿನ ಪಾಠದ ದನಿಯಾಗಿತ್ತು. "ಒಂದು ಮಾತು ಡಾಕ್ಟ್ರೇ. ನಾಡಿ ಸರಿಯಿತ್ತು ಅಂತ ನಾವು ಮೈಮರೀಬಾರದು. ವಯಸ್ಸಾದವರಲ್ಲಿ ಮೂತ್ರಪಿಂಡ ಸೋತಿದ್ರೆ ಮಾತ್ರೆ ಹೊರಗೆ ಹೋಗದೆ ಒಳಗೇ ಕೂಡಿಕೊಳ್ಳುತ್ತೆ. ಊಟ ಸೇರ್ತಿಲ್ಲ, ವಾಂತಿ ಇದೆ. ಹಳದಿ ಕಾಣ್ತಿದೆ ಅಂತ ಇವತ್ತು... ಈಚೆಗೆ ಅಂದಿದ್ಳು. ಮಾತ್ರೆ ನಿಲ್ಲಿಸಿ, ರಕ್ತದಲ್ಲಿ ಅದರ ಮಟ್ಟ ನೋಡಿಸಿಬಿಡಿ. ನನ್ನ ಸಮಾಧಾನಕ್ಕೆ." ಡಾಕ್ಟರು ಒಂದು ಗಳಿಗೆ ಅವರನ್ನೇ ನೋಡಿದರು. "ಹಳದಿ ಕಾಣ್ತಿದೆ ಅಂದ್ರಾ? ಆ ಪರೀಕ್ಷೆ ಇಲ್ಲಿ ಆಗಲ್ಲ ಸರ್, ಹೊರಗೆ ಕಳಿಸಬೇಕು. ಕಳಿಸ್ತೀನಿ, ಈಗಲೇ ಕಳಿಸ್ತೀನಿ" ಎಂದು ಎದ್ದರು. ಮೇಷ್ಟ್ರು ಹೊರಬಂದು ಗೋಡೆಗೆ ಒರಗಿದರು. ಹೆಂಡತಿಯೂ ಉಳಿಯುವ ಹಾಗೆ, ಹೆಸರೂ ಉಳಿಯುವ ಹಾಗೆ ಒಂದು ದಾರಿ ಸಿಕ್ಕಿತ್ತು. ಮೈ ಹಗುರಾಯಿತು. ಅಷ್ಟು ಹಗುರಾಗಬಾರದಾಗಿತ್ತು ಎಂದು ಅನ್ನಿಸಿದ್ದೂ ನಿಜ.

ಸಂಜೆ ಕಿಟಕಿಯ ಬಿಸಿಲು ವಾರ್ಡಿನ ನೆಲದ ಮೇಲೆ ಉದ್ದವಾಗಿ ಬಿದ್ದಿದ್ದಾಗ ಪರೀಕ್ಷೆಯ ಉತ್ತರ ಬಂತು. ಇರಬೇಕಾದ್ದಕ್ಕಿಂತ ಎರಡು ಪಟ್ಟು ಮೀರಿತ್ತು. ಅಷ್ಟು ಹೊತ್ತಿಗೆ ಮಾತ್ರೆ ನಿಲ್ಲಿಸಿ, ನಾಡಿ ಏರಿಸುವ ಇಂಜೆಕ್ಷನ್ನು ಕೊಟ್ಟಾಗಿತ್ತು. ಯಂತ್ರದ ಕುಯ್ ಕುಯ್ ನಡುವಿನ ಬಿಡುವು ಕಡಿಮೆಯಾಗುತ್ತ ಬಂದಿತ್ತು. ದೊಡ್ಡ ಡಾಕ್ಟರು ಬಂದು ಪಟ್ಟಿಗಳನ್ನೆಲ್ಲ ನೋಡಿ, ಇನ್ನು ಭಯವಿಲ್ಲ ಅಂದರು. ಆಮೇಲೆ ಮೇಷ್ಟ್ರ ಬೆನ್ನು ತಟ್ಟಿ, ಸುತ್ತ ನಿಂತಿದ್ದ ಎಲ್ಲರಿಗೂ ಕೇಳುವ ಹಾಗೆ, "ನೋಡಿ, ಇದು ಅನುಭವ ಅಂದ್ರೆ! ಬೆಳಿಗ್ಗೆ ಎಪ್ಪತ್ತೆರಡು ಇದ್ರೂ ಈ ಮನುಷ್ಯ ಅನುಮಾನಪಟ್ಟ. ನಾವಾಗಿದ್ರೆ ಬಿಟ್ಟುಬಿಡ್ತಿದ್ವಿ" ಅಂದರು. "ನಾಳೆ ಪಾಠದಲ್ಲಿ ಇದನ್ನೇ ಹೇಳಿ ಸರ್, ಹುಡುಗೀರಿಗೆ ತಲೆಯಲ್ಲಿ ಕೂರುತ್ತೆ" ಅಂದರು ವಾರ್ಡಿನ ಸಿಸ್ಟರು, ಹೆಮ್ಮೆಯಿಂದ. ಎದುರುಮನೆಯಾಕೆ, "ನಾನು ಹೇಳಲಿಲ್ವಾ?" ಅಂದರು. ಮೇಷ್ಟ್ರು ತಲೆ ತಗ್ಗಿಸಿ, ವಿನಯದ ಹಾಗೆ ಕಾಣುವಂತೆ, ನಿಂತಿದ್ದರು. ಮಂಚದ ಮೇಲಿದ್ದವಳು ಎಲ್ಲವನ್ನೂ ಕೇಳಿಸಿಕೊಂಡಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಮೇಷ್ಟ್ರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಎಲ್ಲರೂ ಹೋದ ಮೇಲೆ ವಾರ್ಡಿನ ಸಿಸ್ಟರು ಒಬ್ಬರೇ ಉಳಿದು ಸ್ಟೂಲು ಎಳೆದು ಕೂತರು. ಯಂತ್ರ ಹೇಳಿದ್ದನ್ನು ನಂಬಬಾರದು, ಕೈಯಿಂದ ನೋಡಬೇಕು ಎಂದು ಮೇಷ್ಟ್ರೇ ಕಲಿಸಿದ್ದು. ಆಕೆ ಹೆಂಡತಿಯ ಎಡಗೈಯನ್ನು ಎತ್ತಿ ತಮ್ಮ ಅಂಗೈ ಮೇಲೆ ಮಲಗಿಸಿಕೊಂಡರು. ಮೂರು ಬೆರಳು ಮಣಿಕಟ್ಟಿನ ಮೇಲೆ, ಕಣ್ಣು ಗಡಿಯಾರದ ಮೇಲೆ. ಒತ್ತಲಿಲ್ಲ, ಹಗುರ ಹಿಡಿಯಲಿಲ್ಲ. ಮೇಷ್ಟ್ರು ಮಂಚದ ಕಾಲ ಕಡೆ ನಿಂತು ನೋಡಿದರು. ಹೆಂಡತಿಯ ಹಣೆಯ ಗಂಟು ಮೆಲ್ಲಗೆ ಬಿಚ್ಚಿತು. ತುಟಿ ಸಡಿಲಾಯಿತು. ಕಣ್ಣಂಚಿನಿಂದ ಒಂದು ಹನಿ ಇಳಿದು ದಿಂಬಿಗೆ ಸೇರಿತು. ಅವಳಿಗೆ ಬೇಕಿದ್ದದ್ದು ಇಷ್ಟೇ ಆಗಿತ್ತೇ, ಇಷ್ಟೇ? ಒಂದು ನಿಮಿಷ ಮುಗಿಯಿತು. ವಾರ್ಡಿನ ಸಿಸ್ಟರು ಅಂಕಿ ಬರೆದುಕೊಂಡು, ಕೈಯನ್ನು ಮಂಚದ ಮೇಲೆ ಹುಷಾರಾಗಿ ಇಟ್ಟು, "ಮಲಗಿ ಅಮ್ಮಾ. ಸರ್ ಇದ್ದಾರೆ, ನಾನು ಆಮೇಲೆ ಬರ್ತೀನಿ" ಎಂದು ಹೋದರು.

ಸ್ಟೂಲು ಖಾಲಿಯಾಗಿತ್ತು. ಮೇಷ್ಟ್ರು ಹೋಗಿ ಅದರ ಮೇಲೆ ಕೂತರು. ಆ ಕೈ ಹೊದಿಕೆಯ ಮೇಲೆ ಅಂಗೈ ಮೇಲಾಗಿ, ಇಟ್ಟಲ್ಲೇ ಬಿದ್ದಿತ್ತು. ಏನಾದರೂ ಅನ್ನಬೇಕು. ತಪ್ಪಾಯಿತು ಅನ್ನಬೇಕು. ಮಾತಿಗಿಂತ ಕೈ ಹಿಡಿಯುವುದೇ ಸುಲಭವೆಂದು ಮೇಷ್ಟ್ರು ಮೂರು ಬೆರಳು ಮುಂದೆ ಚಾಚಿದರು. ಇನ್ನೇನು ತಗುಲಬೇಕು, ಅಷ್ಟರಲ್ಲಿ ಅವಳು ಕೈಯನ್ನು ಅವಸರವಿಲ್ಲದೆ ಎಳೆದುಕೊಂಡು ಹೊದಿಕೆಯೊಳಗೆ ಸೇರಿಸಿದಳು. ಮುಖವನ್ನು ಬಿಳಿಯ ಗೋಡೆಯ ಕಡೆ ತಿರುಗಿಸಿದಳು.

"ಬೇಡ ಬಿಡಿ, ಯಾಕೆ ಸುಮ್ನೆ ಶ್ರಮ" ಅಂದಳು. "ಎಪ್ಪತ್ತೆರಡು ಅಂತ ಬರ್ಕೊಳ್ಳಿ."